ಲೂಪಸ್ ಮತ್ತು ರಕ್ತ ಹೆಪ್ಪುಗಟ್ಟುವಿಕೆ: ಲ್ಯಾಬ್ ಕಿಟಕಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ ಕಡೆಯಿಂದ ಬಂದವರು ರಿಪೋರ್ಟ್ ಕೈಗೆ ಸಿಕ್ಕ ತಕ್ಷಣ ಕಿಟಕಿಯಲ್ಲೇ ನಿಂತು ಕೇಳುತ್ತಾರೆ. ಊರಿಗೆ ಹೋಗಿ ಕಾಗದ ಬರೆದವರಿದ್ದಾರೆ. ಈಗೀಗ ರಾತ್ರಿ ಹತ್ತಕ್ಕೆ ವಾಟ್ಸಾಪ್‌ನಲ್ಲಿ ರಿಪೋರ್ಟ್‌ನ ಫೋಟೊ ಬರುತ್ತದೆ. ನನ್ನ ಚಿಕ್ಕಮ್ಮನ ಮಗಳಿಗೂ ಲೂಪಸ್ ಇದೆ, ಹಾಗಾಗಿ ಕಿಟಕಿಯ ಆಚೆ ನಿಂತು ಕಾಯುವುದು ಹೇಗಿರುತ್ತದೆ ಅಂತಲೂ ಗೊತ್ತು. ಒಂದೇ ಪ್ರಶ್ನೆಗೆ ನೂರು ಸಲ ಉತ್ತರ ಕೊಟ್ಟ ಮೇಲೆ ಬರೆದಿಡೋಣ ಅನ್ನಿಸಿತು. ನಾನು ಡಾಕ್ಟರ್ ಅಲ್ಲ. ಮಾತ್ರೆ ಶುರು ಮಾಡುವುದು, ನಿಲ್ಲಿಸುವುದು ನಿಮ್ಮ ಡಾಕ್ಟರ ಕೆಲಸ.

## ಮೊದಮೊದಲು ಕೇಳುವವು

ಲೂಪಸ್ ಅಂದ್ರೆ ಚರ್ಮದ್ದು, ಕೀಲಿಂದು ಅಲ್ವಾ? ರಕ್ತ ಹೆಪ್ಪುಗಟ್ಟೋದಕ್ಕೂ ಅದಕ್ಕೂ ಏನು ಸಂಬಂಧ?

ಲೂಪಸ್‌ನಲ್ಲಿ ದೇಹ ತನ್ನದೇ ಭಾಗಗಳ ವಿರುದ್ಧ ಆ್ಯಂಟಿಬಾಡಿ ತಯಾರಿಸುತ್ತದೆ. ಯಾವುದರ ವಿರುದ್ಧ ತಯಾರಾಯಿತು ಅನ್ನುವುದರ ಮೇಲೆ ತೊಂದರೆಯೂ ಬೇರೆ ಬೇರೆ. ಕೆಲವರಲ್ಲಿ ಚರ್ಮ, ಕೆಲವರಲ್ಲಿ ಕೀಲು, ಕೆಲವರಲ್ಲಿ ಕಿಡ್ನಿ. ಇನ್ನು ಕೆಲವರಲ್ಲಿ ಜೀವಕೋಶಗಳ ಮೇಲ್ಪದರದಲ್ಲಿರುವ ಫಾಸ್ಫೋಲಿಪಿಡ್ ಅನ್ನುವ ಒಂದು ಬಗೆಯ ಕೊಬ್ಬಿಗೂ ಅದಕ್ಕೆ ಅಂಟಿಕೊಳ್ಳುವ ಪ್ರೋಟೀನಿಗೂ ವಿರುದ್ಧವಾಗಿ ಆ್ಯಂಟಿಬಾಡಿ ಹುಟ್ಟುತ್ತದೆ. ಇವಕ್ಕೆ ಆ್ಯಂಟಿಫಾಸ್ಫೋಲಿಪಿಡ್ ಆ್ಯಂಟಿಬಾಡಿ ಅಂತ ಹೆಸರು. ಲೂಪಸ್ ಇರುವವರಲ್ಲಿ ಸುಮಾರು ಮೂವರಿಗೆ ಒಬ್ಬರಲ್ಲಿ ಇವು ಸಿಗುತ್ತವೆ.

ಹಾಲು ಮೊಸರಾಗಲು ಹೆಪ್ಪು ಹಾಕಬೇಕು. ರಕ್ತಕ್ಕೆ ಹೊರಗಿನ ಹೆಪ್ಪು ಬೇಕಿಲ್ಲ, ಗಾಯವಾದರೆ ತಾನೇ ಗಟ್ಟಿಯಾಗುತ್ತದೆ, ಗಾಯವಿಲ್ಲದ ಕಡೆ ಸುಮ್ಮನಿರುತ್ತದೆ. ಈ ಆ್ಯಂಟಿಬಾಡಿಗಳು ರಕ್ತನಾಳದ ಒಳಗೋಡೆಯನ್ನೂ, ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಎಂಬ ರಕ್ತಕಣಗಳನ್ನೂ ಕೆಣಕುತ್ತವೆ. ಆಗ ಗಾಯವಿಲ್ಲದ ಕಡೆಯೂ ಹೆಪ್ಪುಗಟ್ಟುವ ಸಾಧ್ಯತೆ ಜಾಸ್ತಿ. ಹಾಗಂತ ಪಾಸಿಟಿವ್ ಇದ್ದವರಿಗೆಲ್ಲ ಕ್ಲಾಟ್ ಆಗುವುದಿಲ್ಲ, ಎಷ್ಟೋ ಜನ ಜೀವನಪೂರ್ತಿ ಆರಾಮಾಗಿದ್ದಾರೆ.

‘ಲೂಪಸ್ ಆ್ಯಂಟಿಕೋಆಗ್ಯುಲೆಂಟ್ ಪಾಸಿಟಿವ್’ ಅಂತಿದೆ. ಅಂದ್ರೆ ನನ್ನ ರಕ್ತ ತೆಳು ಇದೆ ಅಂತ ತಾನೆ?

ಅಲ್ಲ, ತಿರುವುಮುರುವು. ನನ್ನ ಪ್ರಕಾರ ಇಡೀ ವೈದ್ಯಶಾಸ್ತ್ರದಲ್ಲಿ ಇಷ್ಟು ದಾರಿ ತಪ್ಪಿಸುವ ಹೆಸರು ಇನ್ನೊಂದಿಲ್ಲ. ಆ್ಯಂಟಿಕೋಆಗ್ಯುಲೆಂಟ್ ಅಂದರೆ ಹೆಪ್ಪುಗಟ್ಟುವುದನ್ನು ತಡೆಯುವುದು. ಗಾಜಿನ ಕೊಳವೆಯಲ್ಲಿ ಅದು ನಿಜ. ರಕ್ತ ಹೆಪ್ಪುಗಟ್ಟಲು ಎಷ್ಟು ಸಮಯ ಹಿಡಿಯುತ್ತದೆ ಅಂತ ನೋಡುವ ಎಪಿಟಿಟಿ ಪರೀಕ್ಷೆ ನಾವು ಮಾಡುವಾಗ ಒಂದಿಷ್ಟು ಫಾಸ್ಫೋಲಿಪಿಡ್ ಸೇರಿಸುತ್ತೇವೆ. ಆ್ಯಂಟಿಬಾಡಿ ಅದನ್ನು ಹಿಡಿದು ಕೂರುತ್ತದೆ, ಹೆಪ್ಪುಗಟ್ಟಲು ತಡವಾಗುತ್ತದೆ. ದೇಹದ ಒಳಗೆ ಆಗುವುದು ಇದರ ಉಲ್ಟಾ.

ಈ ವಿಚಿತ್ರವನ್ನು 1950ರ ದಶಕದಲ್ಲಿ ಲೂಪಸ್ ರೋಗಿಗಳ ರಕ್ತದಲ್ಲಿ ಮೊದಲು ಗಮನಿಸಿದರು. 1972ರಲ್ಲಿ ಈ ಹೆಸರು ಬಂತು. ಹೆಸರು ಬದಲಿಸುವಷ್ಟರಲ್ಲಿ ತಡವಾಗಿತ್ತು ಅನ್ನಿಸುತ್ತದೆ. 1983ರಲ್ಲಿ ಲಂಡನ್ನಿನ ಡಾಕ್ಟರ್ ಗ್ರಹಾಂ ಹ್ಯೂಸ್ ಅವರು ಈ ಆ್ಯಂಟಿಬಾಡಿ, ಕ್ಲಾಟ್, ಗರ್ಭಪಾತ ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿ ತೋರಿಸಿದರು. ಅದನ್ನೇ ಈಗ ಆ್ಯಂಟಿಫಾಸ್ಫೋಲಿಪಿಡ್ ಸಿಂಡ್ರೋಮ್, ಚಿಕ್ಕದಾಗಿ ಎಪಿಎಸ್ ಅನ್ನುತ್ತಾರೆ. ಇನ್ನೊಂದು ಮಾತು: ಲೂಪಸ್ ಇಲ್ಲದವರಲ್ಲೂ ಈ ‘ಲೂಪಸ್’ ಆ್ಯಂಟಿಕೋಆಗ್ಯುಲೆಂಟ್ ಬರುತ್ತದೆ. ಹೆಸರಿನ ಎರಡು ಅರ್ಧವೂ ಪೂರ್ತಿ ಸರಿಯಿಲ್ಲ ಮಾರಾಯ್ರೆ.

ಎಎನ್‌ಎ ಪಾಸಿಟಿವ್ ಬಂದಿದೆ. ಕ್ಲಾಟ್ ಆಗುತ್ತಾ?

ಎಎನ್‌ಎ ಲೂಪಸ್ ಇದೆಯಾ ಅಂತ ಹುಡುಕುವ ಮೊದಲ ಮೆಟ್ಟಿಲು, ಅಷ್ಟೇ. ಆರೋಗ್ಯವಂತರಲ್ಲೂ ಪಾಸಿಟಿವ್ ಬರುವುದುಂಟು. ಕ್ಲಾಟ್ ವಿಷಯದಲ್ಲಿ ಅದು ಏನೂ ಹೇಳುವುದಿಲ್ಲ.

ಹಾಗಾದ್ರೆ ಯಾವ ಪರೀಕ್ಷೆ ಮಾಡಿಸಬೇಕು?

ಮುಖ್ಯವಾದವು ಮೂರು. ಲೂಪಸ್ ಆ್ಯಂಟಿಕೋಆಗ್ಯುಲೆಂಟ್, ಆ್ಯಂಟಿಕಾರ್ಡಿಯೋಲಿಪಿನ್, ಆ್ಯಂಟಿ ಬೀಟಾ-2 ಗ್ಲೈಕೋಪ್ರೋಟೀನ್ 1. ಕೊನೆಯ ಎರಡರಲ್ಲಿ ಐಜಿಜಿ, ಐಜಿಎಂ ಅಂತ ಎರಡೆರಡು ಬಗೆ. ದುಡ್ಡು ಉಳಿಸಲು ಒಂದನ್ನೇ ಮಾಡಿಸಿ ‘ಎಲ್ಲ ನಾರ್ಮಲ್’ ಅಂತ ಹೋದವರನ್ನು ನೋಡಿದ್ದೇನೆ. ಒಂದು ನೆಗೆಟಿವ್ ಇದ್ದು ಇನ್ನೊಂದು ಪಾಸಿಟಿವ್ ಇರಬಹುದು. ಮೂರೂ ಪಾಸಿಟಿವ್ ಇದ್ದವರಿಗೆ ಅಪಾಯ ಎಲ್ಲರಿಗಿಂತ ಜಾಸ್ತಿ. ಹಾಗಾಗಿ ಎಷ್ಟು ಪಾಸಿಟಿವ್ ಅಂತ ಗೊತ್ತಾಗಬೇಕಾದರೆ ಮೂರನ್ನೂ ನೋಡಬೇಕು.

ಒಂದ್ಸಲ ಪಾಸಿಟಿವ್ ಬಂತು. ಮತ್ತೆ ಮೂರು ತಿಂಗಳು ಬಿಟ್ಟು ಬನ್ನಿ ಅಂತಾರೆ. ದುಡ್ಡು ಮಾಡೋಕಾ?

ಈ ಪ್ರಶ್ನೆಗೆ ನನಗೆ ಬೇಜಾರಿಲ್ಲ, ಸೊರಬದಿಂದ ಎರಡೆರಡು ಸಲ ಬರುವ ಕಷ್ಟ ಗೊತ್ತು. ಆದರೆ ಕಾರಣವಿದೆ. ಯಾವುದೋ ಜ್ವರ, ಸೋಂಕು ಬಂದು ಹೋದಾಗ ಈ ಆ್ಯಂಟಿಬಾಡಿಗಳು ನೆಂಟರ ಹಾಗೆ ಬಂದು ಸ್ವಲ್ಪ ದಿನ ಇದ್ದು ಹೋಗುತ್ತವೆ. ಅಂಥವು ಸಾಮಾನ್ಯವಾಗಿ ತೊಂದರೆ ಮಾಡುವುದಿಲ್ಲ. ಮನೆಯಲ್ಲೇ ಬೀಡುಬಿಟ್ಟವು ಮಾತ್ರ ಲೆಕ್ಕಕ್ಕೆ. ಅದನ್ನು ತಿಳಿಯಲು ಕನಿಷ್ಠ 12 ವಾರ ಬಿಟ್ಟು ಮತ್ತೆ ನೋಡಬೇಕು. ಆರನೇ ವಾರಕ್ಕೆ ‘ಹೇಗೂ ಪೇಟೆಗೆ ಬಂದಿದ್ದೆ’ ಅಂತ ಕೊಟ್ಟರೆ ಅದು ದುಡ್ಡು ದಂಡ.

ವಿಡಿಆರ್‌ಎಲ್ ಪಾಸಿಟಿವ್ ಬಂದು ಮನೆಯಲ್ಲಿ ದೊಡ್ಡ ರಂಪ ಆಗಿದೆ. ಏನ್ಮಾಡ್ಲಿ?

ಮೊದಲು ಮನೆಯವರನ್ನು ಕೂರಿಸಿ ಇದನ್ನು ಓದಿಸಿ. ವಿಡಿಆರ್‌ಎಲ್ ಅನ್ನುವುದು ಸಿಫಿಲಿಸ್ ಎಂಬ ಲೈಂಗಿಕ ರೋಗಕ್ಕೆ ಮಾಡುವ ಪರೀಕ್ಷೆ. ಗರ್ಭಿಣಿಯರಿಗೆ ಎಲ್ಲರಿಗೂ ಮಾಡುತ್ತಾರೆ. ಅದರಲ್ಲಿ ಬಳಸುವ ಮುಖ್ಯ ವಸ್ತು ಕಾರ್ಡಿಯೋಲಿಪಿನ್. ಲೂಪಸ್ ಇರುವವರ ರಕ್ತದಲ್ಲಿ ಕಾರ್ಡಿಯೋಲಿಪಿನ್ ಹಿಡಿಯುವ ಆ್ಯಂಟಿಬಾಡಿ ಇದ್ದರೆ ಸಿಫಿಲಿಸ್ ಇಲ್ಲದಿದ್ದರೂ ಪಾಸಿಟಿವ್ ತೋರಿಸುತ್ತದೆ. ಟಿಪಿಎಚ್‌ಎ ಅನ್ನುವ ಇನ್ನೊಂದು ಪರೀಕ್ಷೆ ಮಾಡಿಸಿದರೆ ಅನುಮಾನ ಬಗೆಹರಿಯುತ್ತದೆ. ಲೂಪಸ್ ಗೊತ್ತಾಗುವ ಎಷ್ಟೋ ವರ್ಷ ಮೊದಲೇ ಹೀಗೆ ಸುಳ್ಳು ಪಾಸಿಟಿವ್ ಬಂದಿರುವುದೂ ಉಂಟು. ಹೆಣ್ಣುಮಗಳ ನಡತೆಗೂ ಈ ಕಾಗದಕ್ಕೂ ಗಂಟು ಹಾಕಬೇಡಿ.

## ಲ್ಯಾಬಿನ ಒಳಗಿನವು

ನೀಲಿ ಮುಚ್ಚಳದ ಟ್ಯೂಬ್ ಗೆರೆವರೆಗೂ ತುಂಬಲೇಬೇಕಾ? ನನ್ನ ನರ ಸಿಗೋದೇ ಕಷ್ಟ.

ತುಂಬಲೇಬೇಕು. ಆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ದ್ರಾವಣ ಮೊದಲೇ ಇರುತ್ತದೆ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್, ಇದು ಲೆಕ್ಕ. ರಕ್ತ ಕಡಿಮೆಯಾದರೆ ಸಿಟ್ರೇಟ್ ಜಾಸ್ತಿಯಾಗಿ ಹೆಪ್ಪುಗಟ್ಟುವ ಸಮಯ ಸುಮ್ಸುಮ್ನೆ ಉದ್ದ ತೋರಿಸುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಒಬ್ಬ ಅಜ್ಜಿಯ ಮೇಲೆ ಕನಿಕರಪಟ್ಟು ಅರ್ಧ ಟ್ಯೂಬ್ ತೆಗೆದು ಕಳಿಸಿದ್ದೆ. ರಿಪೋರ್ಟ್ ತಪ್ಪು ಬಂತು, ಅಜ್ಜಿ ಎರಡನೇ ಸಲ ಬಸ್ ಹತ್ತಿ ಬಂದರು. ಆ ಕನಿಕರಕ್ಕಿಂತ ಇನ್ನೊಂದು ಸಲ ಚುಚ್ಚಿದ್ದರೆ ವಾಸಿಯಿತ್ತು.

ಲೂಪಸ್ ಆ್ಯಂಟಿಕೋಆಗ್ಯುಲೆಂಟ್‌ಗೆ ಇನ್ನೊಂದು ತಲೆನೋವಿದೆ. ರಕ್ತ ತೆಗೆದ ಸುಮಾರು ನಾಲ್ಕು ಗಂಟೆಯೊಳಗೆ ಎರಡು ಸಲ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಪ್ಲೇಟ್‌ಲೆಟ್ ಪೂರ್ತಿ ಬೇರೆ ಮಾಡಬೇಕು. ದೂರ ಕಳಿಸುವುದಾದರೆ ಹಾಗೆ ಉಳಿದ ದ್ರವವನ್ನು, ಅಂದರೆ ಪ್ಲಾಸ್ಮಾವನ್ನು, ಫ್ರೀಜರ್‌ನಲ್ಲಿಟ್ಟು ಮಂಜುಗಡ್ಡೆ ಮಾಡಿ ಕಳಿಸಬೇಕು. ಪ್ಲೇಟ್‌ಲೆಟ್ ಉಳಿದರೆ ಆ ಮಂಜುಗಡ್ಡೆ ಕರಗುವಾಗ ಅವು ಒಡೆದು ಫಾಸ್ಫೋಲಿಪಿಡ್ ಬಿಡುತ್ತವೆ, ಆ್ಯಂಟಿಬಾಡಿ ಅದರಲ್ಲೇ ಮುಳುಗಿ ರಿಪೋರ್ಟ್ ನೆಗೆಟಿವ್ ಬರುತ್ತದೆ. ಆದ್ದರಿಂದ ಈ ಒಂದು ಪರೀಕ್ಷೆಗೆ ಮಾತ್ರ ಊರಿನ ಕಲೆಕ್ಷನ್ ಸೆಂಟರ್ ಬಿಟ್ಟು, ಸ್ಯಾಂಪಲ್ ಅಲ್ಲೇ ತಯಾರಿಸುವ ಲ್ಯಾಬಿಗೆ ನೀವೇ ಹೋಗಿ ಕೊಡುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಈಗಾಗಲೇ ಅಸಿಟ್ರಾಮ್ ತಗೊಳ್ತಿದ್ದೀನಿ. ಪರೀಕ್ಷೆ ಸರಿ ಬರುತ್ತಾ?

ಅಸಿಟ್ರಾಮ್ ಅಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ಆ್ಯಂಟಿಕಾರ್ಡಿಯೋಲಿಪಿನ್, ಬೀಟಾ-2 ಎರಡಕ್ಕೂ ತೊಂದರೆ ಇಲ್ಲ. ಲೂಪಸ್ ಆ್ಯಂಟಿಕೋಆಗ್ಯುಲೆಂಟ್ ಗೋಜಲಾಗುತ್ತದೆ. ಅಸಿಟ್ರಾಮ್, ವಾರ್ಫರಿನ್, ಹೆಪಾರಿನ್ ಇಂಜೆಕ್ಷನ್, ರಿವರೊಕ್ಸಬಾನ್, ಯಾವುದೇ ಇರಲಿ, ಕೊನೆಯ ಡೋಸ್ ಯಾವಾಗ ಅಂತ ಫಾರ್ಮ್‌ನಲ್ಲಿ ಬರೆಸಿ. ಪರೀಕ್ಷೆಗೋಸ್ಕರ ನೀವಾಗಿಯೇ ಮಾತ್ರೆ ಬಿಟ್ಟು ಬರಬೇಡಿ.

ಹಾವಿನ ವಿಷ ಹಾಕಿ ಪರೀಕ್ಷೆ ಮಾಡ್ತಾರಂತೆ, ಹೌದಾ?

ಹೌದು! ಡಿಆರ್‌ವಿವಿಟಿ ಅಂತ ರಿಪೋರ್ಟ್‌ನಲ್ಲಿ ಇರುತ್ತದಲ್ಲ, ಅದರಲ್ಲಿ ಬಳಸುವುದು ಕೊಳಕುಮಂಡಲದ ವಿಷ. ಅಡಿಕೆ ತೋಟದಲ್ಲಿ ದರಗಿನ ಕೆಳಗೆ ಸುರುಳಿ ಸುತ್ತಿ ಮಲಗುವ ಅದೇ ಹಾವಿನದು. ಅದರ ವಿಷ ರಕ್ತ ಹೆಪ್ಪುಗಟ್ಟಿಸುವ ಸರಪಳಿಯ ಹತ್ತನೇ ಅಂಶವನ್ನು ನೇರವಾಗಿ ಎಬ್ಬಿಸುತ್ತದೆ. ವಿಷವನ್ನು ತುಂಬಾ ತೆಳು ಮಾಡಿ, ಫಾಸ್ಫೋಲಿಪಿಡ್ ಕಡಿಮೆ ಇಟ್ಟು ಒಂದು ಸಲ, ಜಾಸ್ತಿ ಹಾಕಿ ಇನ್ನೊಂದು ಸಲ ಸಮಯ ನೋಡುತ್ತೇವೆ. ಜಾಸ್ತಿ ಹಾಕಿದಾಗ ತಡ ಸರಿಹೋದರೆ ಆ್ಯಂಟಿಬಾಡಿಯ ಕೈವಾಡ ಅಂತ ಅರ್ಥ. ವಿಷ ಕೊಳವೆಗೆ ಮಾತ್ರ, ನಿಮ್ಮ ಮೈಗಲ್ಲ. ಕೇಳಿದವರು ನಗಬೇಡಿ ಅಂದಿದ್ದರು, ನಕ್ಕಿಲ್ಲ.

ಆ್ಯಂಟಿಕಾರ್ಡಿಯೋಲಿಪಿನ್ 18 ಬಂದಿದೆ, ಬಾಣದ ಗುರುತು ಹಾಕಿದಾರೆ. ಗಾಬರಿ ಆಗ್ಬೇಕಾ?

ಬಾಣ ನೋಡಿ ಗಾಬರಿಯಾಗಬೇಡಿ. ಲ್ಯಾಬ್ ತನ್ನ ಗಡಿ ದಾಟಿದ ತಕ್ಷಣ ಬಾಣ ಹಾಕುತ್ತದೆ. ಡಾಕ್ಟರು ಮಹತ್ವ ಕೊಡುವುದು ಸಾಮಾನ್ಯವಾಗಿ 40 ಯೂನಿಟ್‌ಗಿಂತ ಮೇಲಿದ್ದು, 12 ವಾರದ ನಂತರವೂ ಹಾಗೇ ಇದ್ದರೆ. 2023ರ ಅಂತರರಾಷ್ಟ್ರೀಯ ಮಾನದಂಡದಲ್ಲಿ 40ರಿಂದ 79 ಮಧ್ಯಮ, 80 ಮತ್ತು ಮೇಲೆ ಹೆಚ್ಚು. ಐಜಿಎಂ ಒಂದೇ ಜಾಸ್ತಿ ಇದ್ದರೆ ಐಜಿಜಿಯಷ್ಟು ತೂಕ ಅದಕ್ಕಿಲ್ಲ. ಬೇರೆ ಬೇರೆ ಲ್ಯಾಬಿನ ಅಂಕಿ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ, ಕಿಟ್ ಬೇರೆ ಇರುತ್ತದೆ. ಆದಷ್ಟು ಒಂದೇ ಕಡೆ ಮಾಡಿಸಿ, ಹಳೆಯ ರಿಪೋರ್ಟ್ ಬಿಸಾಡದೆ ಫೈಲ್‌ನಲ್ಲಿಡಿ.

ಪ್ಲೇಟ್‌ಲೆಟ್ 80 ಸಾವಿರ ಇದೆ. ಕಮ್ಮಿ ಇದ್ರೆ ಕ್ಲಾಟ್ ಆಗಲ್ಲ ಅಲ್ವಾ?

ಹಾಗೆ ಅಂದುಕೊಳ್ಳುವುದು ಸಹಜ, ಆದರೆ ತಪ್ಪು. ಈ ಆ್ಯಂಟಿಬಾಡಿ ಇರುವವರಲ್ಲಿ ಪ್ಲೇಟ್‌ಲೆಟ್ ಸ್ವಲ್ಪ ಕಡಿಮೆ ಇರುವುದು ಮಾಮೂಲು, ಮತ್ತು ಅದು ಕ್ಲಾಟ್‌ನಿಂದ ರಕ್ಷಣೆ ಕೊಡುವುದಿಲ್ಲ. ತೀರಾ ಕೆಳಗಿಳಿದರೆ ರಕ್ತಸ್ರಾವದ ಭಯ ಬೇರೆ. ಎರಡೂ ಕಡೆ ಎಳೆತ ಇರುವ ಪರಿಸ್ಥಿತಿ ಇದು, ಡಾಕ್ಟರ ತಲೆನೋವೂ ಇದೇ.

ಡಿ-ಡೈಮರ್ ಮಾಡಿಸಿದ್ರೆ ಕ್ಲಾಟ್ ಇದೆಯೋ ಇಲ್ವೋ ಗೊತ್ತಾಗುತ್ತಂತೆ?

ಅರ್ಧ ನಿಜ. ಕಟ್ಟಿದ ಹೆಪ್ಪು ಕರಗುವಾಗ ಬರುವ ಚೂರು ಅದು. ಕಾಲು, ಶ್ವಾಸಕೋಶದ ಕ್ಲಾಟ್‌ನ ಅನುಮಾನ ಕಡಿಮೆ ಇರುವಾಗ ನಾರ್ಮಲ್ ಬಂದರೆ ಸಮಾಧಾನ ಪಡಬಹುದು. ಜಾಸ್ತಿ ಬಂದರೆ ಮಾತ್ರ ಏನೂ ಹೇಳಲಾಗದು. ಲೂಪಸ್ ಕೆರಳಿದಾಗ, ಜ್ವರ ಬಂದಾಗ, ಬಸುರಿಯಲ್ಲಿ ಎಲ್ಲ ಏರುತ್ತದೆ. ಆರಾಮಿದ್ದಾಗ ಸುಮ್ನೆ ಚೆಕ್ ಮಾಡಿಸುವ ಪರೀಕ್ಷೆ ಇದಲ್ಲ.

ಸಿ3, ಸಿ4, ಡಿಎಸ್‌ಡಿಎನ್‌ಎ, ಮೂತ್ರದ ಪ್ರೋಟೀನ್ ಎಲ್ಲ ಯಾಕೆ ಬರೀತಾರೆ?

ಮೊದಲ ಮೂರು ಲೂಪಸ್ ಎಷ್ಟು ಕೆರಳಿದೆ ಅಂತ ಹೇಳುತ್ತವೆ. ಸಿ3, ಸಿ4 ಇಳಿದು ಡಿಎಸ್‌ಡಿಎನ್‌ಎ ಏರಿದರೆ ಕಾಯಿಲೆ ಚುರುಕಾಗಿದೆ ಅಂತ. ಕಾಯಿಲೆ ಕೆರಳಿದಾಗ ಕ್ಲಾಟ್ ಅಪಾಯವೂ ಏರುತ್ತದೆ. ಉರಿಯೂತ ಅಳೆಯುವ ಸಿಆರ್‌ಪಿ ಮಾತ್ರ ಲೂಪಸ್‌ನಲ್ಲಿ ಅಷ್ಟಾಗಿ ಏರುವುದಿಲ್ಲ. ತುಂಬಾ ಜಾಸ್ತಿಯಾದರೆ ಎಲ್ಲೋ ಸೋಂಕಿದೆಯಾ ಅಂತ ಹುಡುಕುತ್ತಾರೆ.

ಮೂತ್ರದ ಪ್ರೋಟೀನನ್ನು ಜನ ಕಡೆಗಣಿಸುವುದು ನೋಡಿ ನನಗೆ ಸಂಕಟ. ಕಿಡ್ನಿ ಸೋರಲು ಶುರುವಾದರೆ ಆಲ್ಬುಮಿನ್ ಜೊತೆಗೆ, ರಕ್ತ ಹೆಪ್ಪುಗಟ್ಟದಂತೆ ಕಾಯುವ ಆ್ಯಂಟಿಥ್ರಾಂಬಿನ್ ಕೂಡ ಮೂತ್ರದಲ್ಲಿ ಹೋಗಿಬಿಡುತ್ತದೆ. 24 ಗಂಟೆಯ ಮೂತ್ರದಲ್ಲಿ ಪ್ರೋಟೀನ್ 3.5 ಗ್ರಾಂ ದಾಟಿದರೆ, ಆ್ಯಂಟಿಫಾಸ್ಫೋಲಿಪಿಡ್ ನೆಗೆಟಿವ್ ಇದ್ದರೂ ಕ್ಲಾಟ್ ಭಯ ಇದ್ದೇ ಇದೆ. 24 ಗಂಟೆಯ ಕ್ಯಾನ್ ಹಿಡಿದು ಬಸ್ಸಲ್ಲಿ ಬರಲು ನಾಚಿಕೆ ಅನ್ನುತ್ತಾರೆ. ಹಾಗಿದ್ದರೆ ಒಂದೇ ಸಲದ ಮೂತ್ರದಲ್ಲಿ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ ನೋಡಬಹುದಾ ಅಂತ ಡಾಕ್ಟರನ್ನು ಕೇಳಿ.

## ಮನೆ, ತೋಟ, ಅಡುಗೆಮನೆ

ಪಾಸಿಟಿವ್ ಇದೆ, ಕ್ಲಾಟ್ ಆಗಿಲ್ಲ. ಔಷಧಿ ಬೇಕಾ?

ಲೂಪಸ್ ಇದ್ದು ಅಪಾಯ ಜಾಸ್ತಿಯಿರುವ ಪಾಸಿಟಿವ್ ಆದರೆ ಸಾಮಾನ್ಯವಾಗಿ ದಿನಕ್ಕೆ 75ರಿಂದ 100 ಮಿಲಿಗ್ರಾಂ ಆಸ್ಪಿರಿನ್ ಬರೆಯುತ್ತಾರೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಹೇಗೂ ಲೂಪಸ್‌ಗೆ ಇರುತ್ತದೆ, ಅದು ಕ್ಲಾಟ್ ಅಪಾಯವನ್ನೂ ತಗ್ಗಿಸುತ್ತದೆ. ‘ಕಣ್ಣು ಹೋಗುತ್ತೆ’ ಅಂತ ಯಾರೋ ಹೇಳಿದ ಮಾತಿಗೆ ಅದನ್ನು ಬಿಟ್ಟವರು ಬಹಳ. ತೂಕಕ್ಕೆ ತಕ್ಕ ಡೋಸ್ ಇಟ್ಟು, ಡಾಕ್ಟರು ಹೇಳಿದಾಗ ಕಣ್ಣು ಪರೀಕ್ಷೆ ಮಾಡಿಸಿದರೆ ಸಾಕು. ಬೀಡಿ, ಸಿಗರೇಟು, ಬಿಪಿ, ಕೊಲೆಸ್ಟರಾಲ್ ಸೇರಿಕೊಂಡರೆ ಅಪಾಯ ಏರುತ್ತದೆ, ಅವನ್ನು ಹಿಡಿತದಲ್ಲಿಡುವುದೂ ಔಷಧಿಯೇ.

ಯಾವ ಲಕ್ಷಣ ಕಂಡ್ರೆ ಓಡಬೇಕು?

ಒಂದೇ ಕಾಲು ಊದಿ ಬಿಸಿಯಾಗಿ ನೋಯುವುದು. ದಿಢೀರ್ ಉಸಿರು ಸಿಕ್ಕಿಹಾಕಿಕೊಂಡ ಹಾಗಾಗಿ ಎದೆ ಚುಚ್ಚುವುದು, ಕಫದಲ್ಲಿ ರಕ್ತ. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈ ಸೋಲುವುದು, ಒಂದು ಕಣ್ಣು ಕತ್ತಲಾಗುವುದು. ಇವು ಕಂಡರೆ ದೃಷ್ಟಿ ತೆಗೆಯುತ್ತಾ, ಎಣ್ಣೆ ತಿಕ್ಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ನಾಲ್ಕೂವರೆ ಗಂಟೆಯ ಗಡಿ ಇದೆ. ನಮ್ಮ ಕಡೆಯ ರಸ್ತೆಯಲ್ಲಿ ಅದರಲ್ಲಿ ಎಷ್ಟು ದಾರಿಯಲ್ಲೇ ಹೋಗುತ್ತದೆ ಅಂತ ನಿಮಗೇ ಗೊತ್ತು. ಅಸಿಟ್ರಾಮ್ ತೆಗೆದುಕೊಳ್ಳುವವರು ಮಾತ್ರೆಯ ಚೀಟಿ ಪರ್ಸ್‌ನಲ್ಲೇ ಇಟ್ಟುಕೊಳ್ಳಿ.

ಅಸಿಟ್ರಾಮ್ ಶುರುವಾದ ಮೇಲೆ ಪತ್ರೊಡೆ, ತಂಬುಳಿ ಬಿಡಬೇಕಾ?

ಬಿಡಬೇಕಿಲ್ಲ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ಕೆಲಸಕ್ಕೆ ಎದುರು. ಆದರೆ ತೊಂದರೆ ಇರುವುದು ಸೊಪ್ಪಿನಲ್ಲಲ್ಲ, ಏರುಪೇರಿನಲ್ಲಿ. ತಿಂಗಳೆಲ್ಲ ಸೊಪ್ಪು ಮುಟ್ಟದೆ, ಆಷಾಢದಲ್ಲಿ ಕೆಸು ಚಿಗುರಿದ ವಾರ ದಿನಾ ಪತ್ರೊಡೆ ತಿಂದರೆ, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅಂತ ತೋರಿಸುವ ಐಎನ್‌ಆರ್ ಅಂಕಿ ಇಳಿಯುತ್ತದೆ. ಒಂದೆಲಗದ ತಂಬುಳಿ, ಬಸಳೆ, ಹರಿವೆ, ನುಗ್ಗೆಸೊಪ್ಪು, ಯಾವುದಾದರೂ ಸರಿ, ವಾರವಾರ ಹೆಚ್ಚುಕಮ್ಮಿ ಒಂದೇ ಅಳತೆ ಇರಲಿ. ಬಹುತೇಕರಿಗೆ ಐಎನ್‌ಆರ್ 2ರಿಂದ 3ರ ಒಳಗೆ ಇರಬೇಕು ಅನ್ನುತ್ತಾರೆ, ನಿಮ್ಮದು ಎಷ್ಟು ಅಂತ ಕೇಳಿ ಬರೆದುಕೊಳ್ಳಿ. ನನ್ನ ತಂಗಿ ಕ್ಯಾಲೆಂಡರಿನ ಹಾಲಿನ ಲೆಕ್ಕದ ಪಕ್ಕದಲ್ಲೇ ಐಎನ್‌ಆರ್ ಬರೆಯುತ್ತಾಳೆ.

ಅಮೃತಬಳ್ಳಿ ಕಷಾಯ ಕುಡಿದ್ರೆ ರಕ್ತ ಶುದ್ಧಿ ಆಗುತ್ತೆ ಅಂತಾರೆ ಅತ್ತೆ.

ಅತ್ತೆಗೆ ಬೇಜಾರಾಗದ ಹಾಗೆ ಬೇಡ ಅನ್ನಿ. ಲೂಪಸ್‌ನಲ್ಲಿ ರೋಗನಿರೋಧಕ ಶಕ್ತಿ ಆಗಲೇ ಅತಿಯಾಗಿ ಕೆಲಸ ಮಾಡುತ್ತಿದೆ, ಅದನ್ನು ಇನ್ನೂ ಹುರಿದುಂಬಿಸುವುದು ಯಾಕೆ? ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕುಡಿದವರಲ್ಲಿ ಲಿವರ್ ಕೆಟ್ಟ ಪ್ರಕರಣಗಳನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಅಡುಗೆಯ ಅರಿಶಿನ, ಶುಂಠಿ, ಬೆಳ್ಳುಳ್ಳಿಗೆ ಹೆದರಬೇಡಿ. ಅವುಗಳ ಮಾತ್ರೆ, ಪುಡಿ, ಲೋಟಗಟ್ಟಲೆ ಕಷಾಯ ಅಸಿಟ್ರಾಮ್ ಜೊತೆ ಬೇಡ.

ಇಂಬಳ ಕಚ್ಚಿದ್ರೆ ರಕ್ತ ನಿಲ್ಲೋದೇ ಇಲ್ಲ. ಅಡಿಕೆ ಸುಲಿಯೋಕೆ ಕೂರಬಹುದಾ?

ಇಂಬಳದ ಜೊಲ್ಲಿನಲ್ಲೇ ಹೆಪ್ಪುಗಟ್ಟದಂತೆ ತಡೆಯುವ ವಸ್ತುವಿದೆ. ಜೊತೆಗೆ ಅಸಿಟ್ರಾಮ್ ಸೇರಿದರೆ ಕೇಳಬೇಕಾ? ಸೋಪಿನಲ್ಲಿ ತೊಳೆದು, ಬಟ್ಟೆ ಒತ್ತಿ ಹಿಡಿದು ಹದಿನೈದು ನಿಮಿಷ ಬಿಡದೆ ಕೂರಿ. ನಡುನಡುವೆ ತೆಗೆದು ನೋಡಬೇಡಿ. ಮತ್ತೂ ನಿಲ್ಲದಿದ್ದರೆ ಐಎನ್‌ಆರ್ ನೋಡಿಸಬೇಕು.

ಮೆಟ್ಟುಗತ್ತಿ ಮುಂದೆ ಕೂರುವವರಿಗೆ ಎರಡು ಮಾತು. ಬೆರಳು ಕುಯ್ದುಕೊಳ್ಳುವ ಭಯ ಒಂದು. ಕಾಲು ಮಡಚಿ ರಾತ್ರಿ ಹನ್ನೊಂದರವರೆಗೆ ಅಲ್ಲಾಡದೆ ಕೂರುವುದು ಇನ್ನೊಂದು, ಕಾಲಿನ ಕ್ಲಾಟ್‌ಗೆ ಅದೇ ದಾರಿ. ಗಂಟೆಗೊಮ್ಮೆ ಎದ್ದು ಅಂಗಳ ಸುತ್ತಿ, ನೀರು ಕುಡಿಯಿರಿ. ಬೆಂಗಳೂರಿನ ಬಸ್ಸಿನಲ್ಲೂ ಇದೇ ಮಾತು. ದಾರಿಯಲ್ಲಿ ಬಾತ್‌ರೂಮ್ ಸಿಗಲ್ಲ ಅಂತ ಹೆಂಗಸರು ನೀರೇ ಕುಡಿಯದೆ ಕೂರುತ್ತಾರೆ, ಅದು ಬೇಡ.

ಮಂಗನ ಕಾಯಿಲೆ ಸೀಸನ್‌ನಲ್ಲಿ ಜ್ವರ ಬಂದ್ರೆ?

ಮಂಗನ ಕಾಯಿಲೆ ಮೊದಲು ಗುರುತಾದದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಅದರಲ್ಲೂ ಡೆಂಗಿಯಲ್ಲೂ ಇಲಿಜ್ವರದಲ್ಲೂ ಪ್ಲೇಟ್‌ಲೆಟ್ ಬೀಳುತ್ತದೆ, ರಕ್ತಸ್ರಾವ ಆಗಬಹುದು. ಆಸ್ಪಿರಿನ್, ಅಸಿಟ್ರಾಮ್ ಮೇಲಿದ್ದವರು ಜ್ವರ ಬಂದ ಮೊದಲ ದಿನವೇ ಡಾಕ್ಟರಿಗೆ ತಿಳಿಸಿ. ‘ಲೂಪಸ್ ಇದೆ, ಈ ಮಾತ್ರೆ ತಗೊಳ್ತೀನಿ’ ಅಂತ ಬಾಯಿಬಿಟ್ಟು ಹೇಳಿ. ಮೈಕೈ ನೋವಿಗೆ ಡೈಕ್ಲೋಫೆನಾಕ್ ಇಂಜೆಕ್ಷನ್ ಹಾಕಿಸಿಕೊಳ್ಳುವ ಅಭ್ಯಾಸ ಇಲ್ಲಿ ಅಪಾಯ. ಆ್ಯಂಟಿಬಯೋಟಿಕ್ ಶುರುವಾದರೆ ಐಎನ್‌ಆರ್ ಏರಬಹುದು, ಮೂರ್ನಾಲ್ಕು ದಿನಕ್ಕೆ ಮತ್ತೆ ನೋಡಿಸಿ.

ಮನೆಯಲ್ಲಿ ಪೂಜೆ ಇದೆ. ಮುಟ್ಟು ಮುಂದೂಡೋ ಮಾತ್ರೆ ತಗೊಳ್ಳಲಾ?

ಕೇಳದೆ ಬೇಡವೇ ಬೇಡ. ಮೆಡಿಕಲ್ ಶಾಪಿನಲ್ಲಿ ಸುಲಭವಾಗಿ ಸಿಗುವ ಆ ಮಾತ್ರೆಯಲ್ಲಿ ಇರುವುದು ನೊರೆಥಿಸ್ಟೆರಾನ್. ದೇಹದಲ್ಲಿ ಅದರ ಸ್ವಲ್ಪ ಪಾಲು ಈಸ್ಟ್ರೋಜನ್ ಆಗಿ ಬದಲಾಗುತ್ತದೆ, ಈಸ್ಟ್ರೋಜನ್ ಕ್ಲಾಟ್ ಅಪಾಯ ಏರಿಸುತ್ತದೆ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆಯೂ ಪಾಸಿಟಿವ್ ಇದ್ದವರಿಗೆ ಸಲ್ಲ, ಕಾಪರ್-ಟಿಯಂಥ ದಾರಿ ಇದೆ. ರಕ್ತಸ್ರಾವ ನಿಲ್ಲಿಸಲು ಕೊಡುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಬಗ್ಗೆಯೂ ಇದೇ ಎಚ್ಚರ. ಮುಟ್ಟಾದರೆ ಪೂಜೆ ಇನ್ನೊಂದು ದಿನ ಮಾಡಬಹುದು.

## ಸ್ವಲ್ಪ ಆಳದವು

ಎರಡು ಸಲ ಗರ್ಭ ನಿಂತಿಲ್ಲ. ಇದೇ ಕಾರಣ ಇರಬಹುದಾ?

ಇರಬಹುದು, ನೋಡಿಸಲೇಬೇಕು. ಈ ಆ್ಯಂಟಿಬಾಡಿಗಳು ಮಾಸಿನ ಬೆಳವಣಿಗೆ ಕೆಡಿಸುತ್ತವೆ. ಗೊತ್ತಾದರೆ ಕಡಿಮೆ ಡೋಸ್ ಆಸ್ಪಿರಿನ್, ದಿನಾ ಹೊಟ್ಟೆಯ ಚರ್ಮಕ್ಕೆ ಹೆಪಾರಿನ್ ಇಂಜೆಕ್ಷನ್, ಜೊತೆಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟು ಎಷ್ಟೋ ಮನೆಯಲ್ಲಿ ತೊಟ್ಟಿಲು ಕಟ್ಟಿದ್ದಾರೆ. ಅಸಿಟ್ರಾಮ್ ಮೇಲಿದ್ದವರು ಮಗು ಬೇಕು ಅಂದುಕೊಂಡಾಗಲೇ ಹೇಳಿ. ಆರರಿಂದ ಹನ್ನೆರಡನೇ ವಾರದೊಳಗೆ ಅದು ಮಗುವಿನ ಬೆಳವಣಿಗೆಗೆ ಕೆಟ್ಟದ್ದು, ಆರನೇ ವಾರಕ್ಕೂ ಮೊದಲೇ ಹೆಪಾರಿನ್‌ಗೆ ಬದಲಿಸಬೇಕು. ಬಾಣಂತನದ ಮೊದಲ ಆರು ವಾರವೂ ಕ್ಲಾಟ್ ಅಪಾಯದ ಕಾಲ. ಬಾಣಂತಿ ಎದ್ದು ಓಡಾಡಬಾರದು, ನೀರು ಕುಡಿಯಬಾರದು ಅನ್ನುವ ಹಳೆಯ ಕಟ್ಟಳೆ ಇಲ್ಲಿ ನೇರ ವೈರಿ.

ಐಎನ್‌ಆರ್ ನೋಡೋದೇ ಬೇಡದ ಹೊಸ ಮಾತ್ರೆ ಇದೆಯಂತೆ. ಅದಕ್ಕೆ ಬದಲಿಸಿದ್ರೆ?

ತಿಂಗಳು ತಿಂಗಳು ಬಸ್ ಚಾರ್ಜ್ ಉಳಿಯುತ್ತದೆ, ಆಸೆ ಅರ್ಥವಾಗುತ್ತದೆ. ಆದರೆ ಮೂರೂ ಪಾಸಿಟಿವ್ ಇರುವ ಎಪಿಎಸ್‌ಗೆ ರಿವರೊಕ್ಸಬಾನ್‌ನಂಥ ಆ ಹೊಸ ಮಾತ್ರೆ ಸರಿಯಲ್ಲ. ಇಟಲಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರಿವರೊಕ್ಸಬಾನ್ ಪಡೆದವರಿಗೆ ವಾರ್ಫರಿನ್‌ಗಿಂತ ಜಾಸ್ತಿ ತೊಂದರೆಯಾಗಿ ಅದನ್ನು ನಡುವೆಯೇ ನಿಲ್ಲಿಸಿದರು. ಮುಂದಿನ ವರ್ಷ ಯುರೋಪಿನ ಔಷಧ ಸಂಸ್ಥೆಯೂ ಎಚ್ಚರಿಕೆ ಕೊಟ್ಟಿತು. ಲೂಪಸ್ ಇದೆ ಅಂತ ಗೊತ್ತಿಲ್ಲದ ಡಾಕ್ಟರು ಒಳ್ಳೆಯ ಮನಸ್ಸಿನಿಂದಲೇ ಬದಲಿಸಿಬಿಡಬಹುದು, ಫೈಲ್ ತೋರಿಸಿ.

ಈಗ ನೆಗೆಟಿವ್ ಬಂದಿದೆ. ಮಾತ್ರೆ ನಿಲ್ಲಿಸ್ತೀನಿ.

ಇದು ಪ್ರಶ್ನೆಯಲ್ಲ, ತೀರ್ಮಾನ. ಆದರೂ ತುಂಬಾ ಜನ ಹೀಗೇ ಬಂದು ಹೇಳುತ್ತಾರೆ. ಕಿಡ್ನಿಯಿಂದ ಪ್ರೋಟೀನ್ ಜಾಸ್ತಿ ಸೋರುವಾಗ ಆ್ಯಂಟಿಬಾಡಿ ಕೂಡ ಸೋರಿ ಅಂಕಿ ಇಳಿಯಬಹುದು. ದೊಡ್ಡ ಕ್ಲಾಟ್ ಆದ ಸಮಯದಲ್ಲೂ ಇಳಿಯಬಹುದು. ಸ್ಟೀರಾಯ್ಡ್‌ನಿಂದಲೂ ಇಳಿಯಬಹುದು. ಒಮ್ಮೆ ಕ್ಲಾಟ್ ಆದವರು ನೆಗೆಟಿವ್ ಕಾಗದ ನೋಡಿ ದಿಢೀರ್ ನಿಲ್ಲಿಸಿದರೆ ಮತ್ತೆ ಕ್ಲಾಟ್ ಆಗುವ ಭಯವಿದೆ. ಅಪರೂಪಕ್ಕೆ ಒಂದೇ ವಾರದಲ್ಲಿ ಹಲವು ಅಂಗಗಳಲ್ಲಿ ಹೆಪ್ಪುಗಟ್ಟುವ ಭೀಕರ ರೂಪವೂ ಇದೆ, ಮಾತ್ರೆ ನಿಲ್ಲಿಸಿದ್ದು ಅದಕ್ಕೆ ಒಂದು ಕಾರಣ. ಹಲ್ಲು ಕೀಳಿಸಲು ಕೂಡ ನೀವಾಗಿಯೇ ನಿಲ್ಲಿಸಬೇಡಿ, ದಂತವೈದ್ಯರೂ ನಿಮ್ಮ ಡಾಕ್ಟರೂ ಫೋನಿನಲ್ಲಿ ಎರಡು ನಿಮಿಷ ಮಾತಾಡಲಿ. ಆ ನೆಗೆಟಿವ್ ರಿಪೋರ್ಟ್ ಇದೆಯಲ್ಲ, ಅದನ್ನೂ ಹಳೆಯವುಗಳ ಜೊತೆ ತಾರೀಖಿನ ಪ್ರಕಾರ ಜೋಡಿಸಿ ಮುಂದಿನ ಸಲ ಡಾಕ್ಟರ ಹತ್ತಿರ ಒಯ್ಯಿರಿ.